ಸಂಜೆ ಐದರ ಓಟ

ಸಪ್ಪಲಮ್ಮ ಗೇಟು ತೆರೆದಿಟ್ಟುಕೊಂಡು, ಹೊರಗೆ ಗೋಡೆಯ ಬುಡಕ್ಕೆ ನೀಲಿ ನೀರಿನ ಬಾಟಲಿಗಳನ್ನು ಸಾಲಾಗಿ ಇಡುತ್ತಿದ್ದಾಗ, ಅವಳ ಸೀರೆಗೆ ಸವರಿಕೊಂಡೇ ನಾಯಿ ಬೀದಿಗೆ ಹಾರಿತು. ಬೀದಿನಾಯಿಗಳು ಗೇಟಿನ ಮುಂದೆ ಗಲೀಜು ಮಾಡದಿರಲಿ ಎಂದು ಪ್ರತಿ ಶುಕ್ರವಾರ ಬಾಟಲಿಗಳಿಗೆ ನೀಲಿ ಬೆರೆಸಿದ ಹೊಸ ನೀರು ತುಂಬುವುದು ಅವಳ ಪದ್ಧತಿ. ನಾಯಿ ಹತ್ತಿರ ಸುಳಿಯದಂತೆ ಮಾಡುವ ಗಡಿಬಿಡಿಯಲ್ಲಿ, ಒಳಗಿದ್ದ ನಾಯಿಯೇ ಹೊರಗೆ ಹೋಗಿತ್ತು.

"ಆಂಟಿ, ಗೇಟ್ ಹಾಕಿ ಅಂತ ಮೇಲಿಂದ ಕೂಗಿದ್ನಲ್ಲ," ಎನ್ನುತ್ತ ಪ್ರೇರಣಾ ಬರಿಗಾಲಲ್ಲೇ ಮೆಟ್ಟಿಲಿಳಿದು ಬಂದಳು. ನಾಯಿಯ ಕತ್ತಿಗೆ ಹಾಕಬೇಕಿದ್ದ ಪಟ್ಟಿ ಅವಳ ಕೈಯಲ್ಲೇ ಇತ್ತು.

ಪ್ರೇರಣಾ ಮೇಲಿನ ಮನೆಯ ಬಾಡಿಗೆಯವಳು. ಬೇಗೂರಿನ ಕಡೆ ತೋಟವೊಂದರಲ್ಲಿ ಯಾರೋ ತಂತಿಯಿಂದ ಕಟ್ಟಿ ಬಿಟ್ಟುಹೋಗಿದ್ದ ಈ ಮುಧೋಳದ ನಾಯಿಯನ್ನು, ಸಾಕುವವರು ಸಿಗುವ ತನಕ ಇಟ್ಟುಕೊಳ್ಳುತ್ತೇನೆಂದು ತಂದಿದ್ದಳು. ಹದಿನೈದೇ ದಿನ ಎಂದದ್ದು ತಿಂಗಳು ದಾಟಿತ್ತು. ಸಾಕುವವರೇ ಇಡಲಿ ಎಂದು ಅದಕ್ಕೊಂದು ಹೆಸರನ್ನೂ ಇಟ್ಟಿರಲಿಲ್ಲ. ಪಕ್ಕೆಲುಬು ಎಣಿಸುವಂತಿದ್ದ ಅದರ ಮೈ ನೋಡಿ ಸಪ್ಪಲಮ್ಮನೇ 'ಕಡ್ಡಿ' ಎಂದಿದ್ದಳು. ಹಗಲೆಲ್ಲ ಕುಂಭಕರ್ಣನ ಹಾಗೆ ಬಿದ್ದುಕೊಂಡಿರುವ ಕಡ್ಡಿಗೆ ಸಂಜೆ ಐದಾದರೆ ಮೈಮೇಲೆ ದೇವರು ಬಂದಂತಾಗುತ್ತಿತ್ತು. ಹಾಲ್‌ನಿಂದ ರೂಮಿಗೆ, ರೂಮಿನಿಂದ ಹಾಲ್‌ಗೆ ಅದು ದಡದಡ ಓಡುವಾಗ ಕೆಳಗೆ ಸಪ್ಪಲಮ್ಮನ ಮನೆಯ ಫ್ಯಾನು ಅಲ್ಲಾಡುತ್ತಿತ್ತು. "ಭಾನುವಾರದೊಳಗೆ ನಾಯಿ ಹೋಗ್ಬೇಕು, ಇಲ್ಲಾ ನೀನು ಹೋಗ್ಬೇಕು" ಎಂದು ಸಪ್ಪಲಮ್ಮ ನಿನ್ನೆ ತಾನೇ ಹೇಳಿ ಬಂದಿದ್ದಳು. ಹಾಗೆ ಹೇಳಿದವಳೇ ಇವತ್ತು ಗೇಟು ತೆರೆದಿಟ್ಟಿದ್ದಳು. ಬೇಕೆಂದೇ ಬಿಟ್ಟಳು ಎಂದು ಬೀದಿಯವರು ಆಡಿಕೊಳ್ಳದೆ ಇರುತ್ತಾರೆಯೇ? ಅವಳಿಗೆ ನಿಜಕ್ಕೂ ಭಯವಾಯಿತು.

ಕಡ್ಡಿ ತಪ್ಪಿಸಿಕೊಂಡು ಹೋಗುತ್ತಿರಲಿಲ್ಲ, ಆಡುತ್ತಿತ್ತು. ಪ್ರೇರಣಾ ಹತ್ತಿರ ಬರುವವರೆಗೆ ಮುಂಗಾಲು ಚಾಚಿ, ಅಂಡು ಮೇಲೆತ್ತಿ ಕಾಯುವುದು. ಇನ್ನೇನು ಕೈಗೆ ಸಿಕ್ಕಿತು ಅನ್ನುವಾಗ ಚಂಗನೆ ನೆಗೆದು ನಾಲ್ಕು ಮನೆ ದಾಟುವುದು. ಇಸ್ತ್ರಿ ಗಾಡಿಯ ಹೊಳೆಪ್ಪ ಯಾರದೋ ಬೆಡ್‌ಶೀಟು ಬಿಚ್ಚಿ ಹಿಡಿದು ಅಡ್ಡ ನಿಂತ. ಅದು ಅವನಿಗೊಂದು ಸುತ್ತು ಹಾಕಿ ಇನ್ನಷ್ಟು ಖುಷಿಯಾಗಿ ಓಡಿತು. ಬೀದಿ ಮುಗಿದರೆ ಮೇನ್ ರೋಡು, ಅಲ್ಲಿ ಬಸ್ಸು, ನೀರಿನ ಟ್ಯಾಂಕರು. ಪ್ರತಿ ಸಲವೂ ಅದು ಆ ಕಡೆಗೆ ನಾಲ್ಕು ಮನೆ ಹತ್ತಿರವಾಗುತ್ತಿತ್ತು.

"ಹಿಡೀರಿ ಅಣ್ಣ, ಬಸ್ಸಿಗೆ ಸಿಕ್ಬಿಡುತ್ತೆ." ಪ್ರೇರಣಾ ಅಳುತ್ತಿದ್ದಳು.

"ಎಲ್ಲಿ ಹಿಡಿಯೋದು ಮೇಡಂ, ಬಟ್ಟೇಲಿ ಗಾಳಿ ಹಿಡಿದಂಗಾಯ್ತು," ಎಂದ ಹೊಳೆಪ್ಪ.

ಸಪ್ಪಲಮ್ಮನಿಗೆ ಅಪ್ಪ ಪಾಪಯ್ಯ ನೆನಪಾದ. ಈ ಬೀದಿಯೆಲ್ಲ ರಾಗಿ ಹೊಲವಾಗಿದ್ದಾಗ ಇಂಥವೇ ಎರಡು ನಾಯಿಗಳನ್ನು ಕಟ್ಟಿಕೊಂಡು ಪುಟ್ಟೇನಹಳ್ಳಿ ಕೆರೆಯ ಹಿಂದೆ ಮೊಲದ ಬೇಟೆಗೆ ಹೋಗುತ್ತಿದ್ದವನು. 'ಇದರ ಹಿಂದೆ ಓಡಿದ್ರೆ ಊರು ದಾಟ್ತದೆ ಕಣಮ್ಮಿ. ಮುಂದೆ ಓಡು, ಮನೆ ಸೇರ್ತದೆ' ಎನ್ನುತ್ತಿದ್ದ.

"ಪ್ರೇರಣಾ, ನಿಂತ್ಕೋ. ಅದರ ಬೆನ್ನು ಹತ್ತಬೇಡ," ಎಂದಳು ಸಪ್ಪಲಮ್ಮ. "ಗೇಟ್ ಹತ್ರ ಬಾ. ನಾನೂ ಕಡ್ಡೀನೂ ಒಳಗೆ ಬಂದ ತಕ್ಷಣ ಹಾಕ್ಬಿಡು."

"ಆಂಟಿ, ನಿಮ್ಮ ಮಂಡಿ..."

"ಮಂಡಿ ನಂದು. ನೀನು ಗೇಟ್ ನೋಡ್ಕೋ."

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೆರಿಗೆ ಎತ್ತಿ ಹಿಡಿದು, ಅವಳು ಬೀದಿಯ ಅರ್ಧದವರೆಗೆ ನಡೆದು ಹೋದಳು. "ಕಡ್ಡೀ" ಎಂದು ಚಪ್ಪಾಳೆ ತಟ್ಟಿದಳು. ಮೇನ್ ರೋಡಿನ ತಿರುವಿನಲ್ಲಿದ್ದ ನಾಯಿ ತಲೆ ತಿರುಗಿಸಿತು. ಸಪ್ಪಲಮ್ಮ ಅದಕ್ಕೆ ಬೆನ್ನು ಹಾಕಿ ಮನೆಯ ಕಡೆ ಓಡಿದಳು. ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದ, ಐವತ್ತೆಂಟು ವರ್ಷದ ಮನೆ ಓನರಮ್ಮ ಓಡುವುದನ್ನು ಬೀದಿಗೆ ಬೀದಿಯೇ ನಿಂತು ನೋಡಿತು. ಹಿಂದಿನಿಂದ ಟಕಟಕ ಉಗುರಿನ ಸದ್ದು ಬಂತು. ಕಡ್ಡಿ ಅವಳನ್ನು ದಾಟಿ ಮುಂದೆ ಹೋಯಿತು, ತಿರುಗಿ ಬಂದು ಸುತ್ತು ಹಾಕಿತು, ಮತ್ತೆ ಹಿಂದೆ ಬಿತ್ತು. ಇಬ್ಬರೂ ಒಟ್ಟಿಗೆ ಗೇಟಿನೊಳಗೆ ನುಗ್ಗಿದರು. ನೀಲಿ ಬಾಟಲಿಗಳು ಉರುಳಿ ನೀರೆಲ್ಲ ಮೋರಿಗೆ ಹರಿಯಿತು. ಪ್ರೇರಣಾ ಚಿಲಕ ಹಾಕಿದಳು.

ಸಪ್ಪಲಮ್ಮ ಮೆಟ್ಟಿಲ ಮೇಲೆ ಕುಸಿದು ಕೂತಳು. ಕಡ್ಡಿ ನಾಲಿಗೆ ಚಾಚಿ ಏದುಸಿರು ಬಿಡುತ್ತ ಅವಳ ಪಾದದ ಮೇಲೆ ತಲೆಯಿಟ್ಟು ಮಲಗಿತು. ಅವಳು ಕಾಲು ಎಳೆದುಕೊಳ್ಳಲಿಲ್ಲ.

"ಸಾರಿ ಆಂಟಿ," ಎಂದಳು ಪ್ರೇರಣಾ ಕಣ್ಣೊರೆಸಿಕೊಂಡು. "ಜಯನಗರದಲ್ಲಿ ಒಬ್ಬರು ಒಪ್ಕೊಂಡಿದಾರೆ. ಭಾನುವಾರ ಬಂದು ಕರ್ಕೊಂಡು ಹೋಗ್ತಾರೆ. ಗಂಡ ಹೆಂಡ್ತಿ ಇಬ್ರೇ, ತುಂಬಾ ಸೈಲೆಂಟ್ ಮನೆ. ಇನ್ಮೇಲೆ ನಿಮಗೆ ತೊಂದ್ರೆ ಇರಲ್ಲ."

ಸಪ್ಪಲಮ್ಮ ಮಂಡಿ ನೀವಿಕೊಂಡಳು.

"ಸೈಲೆಂಟ್ ಮನೆ, ಸರಿ," ಎಂದಳು. "ಐದು ಗಂಟೆಗೆ ಇದರ ಮುಂದೆ ಓಡೋರು ಆ ಮನೇಲಿ ಯಾರಿದಾರೆ, ಅದನ್ನ ಕೇಳಿದ್ಯಾ?"