ಕಾರವಾರದ ಎದುರು ನಿಂತ ಹಡಗು

ಮಹಾಮಾರಿ ಹಬ್ಬಿದ ಮೇಲೆ ಸೋಂಕಿನ ಭಯದಿಂದ ಎಲ್ಲ ದೇಶಗಳೂ ತಮ್ಮ ಡಯಾಲಿಸಿಸ್ ಯಂತ್ರಗಳನ್ನು ಹಡಗುಗಳಿಗೆ ಸಾಗಿಸಿದ್ದವು. ರೋಗಿಗಳ ವಾಸವೂ ಅಲ್ಲೇ. ದಡಕ್ಕಿಳಿದವರ ಜಾಗ ಕೂಡಲೇ ಇನ್ನೊಬ್ಬ ರೋಗಿಗೆ ಹೋಗುತ್ತಿತ್ತು; ಅವರನ್ನು ಮತ್ತೆ ಹತ್ತಿಸಿಕೊಳ್ಳುತ್ತಿರಲಿಲ್ಲ. ಇಳಿದವರು ಒಂದೆರಡು ವಾರಕ್ಕಿಂತ ಹೆಚ್ಚು ಬಾಳಿದ್ದೂ ಇಲ್ಲ.

ಮಸ್ಕತ್, ಮೊಂಬಾಸಾ ಸುತ್ತಿಕೊಂಡು ಹಡಗು ಕಾರವಾರದ ಎದುರು ನಿಂತಾಗ, ಸುಲೋಚನಾ ತಾಂಡೇಲಳನ್ನು ನೋಡಲು ಮಗಳು ರೇವತಿ ದೋಣಿಯಲ್ಲಿ ಬಂದಳು. ಮಗಳ ಊದಿದ ಮುಖ ಕಂಡದ್ದೇ ತಾಯಿಗೆ ಅರ್ಥವಾಯಿತು. ಅದೇ ಬಾವು ತನ್ನನ್ನೂ ಈ ಹಡಗಿಗೆ ತಂದಿತ್ತು.

"ನಂಗೂ ಅದೇ ಆಯ್ತು, ಆಯೀ," ಎಂದಳು ರೇವತಿ ಕೆಳಗಿನಿಂದ. "ಹಡಗಲ್ಲಿ ಜಾಗ ಇಲ್ಲವಂತೆ."

ಸುಲೋಚನಾ ಏಣಿಯ ಕಡೆ ಹೆಜ್ಜೆಯಿಟ್ಟಳು. ಪಕ್ಕದಲ್ಲಿದ್ದ ಮೊಂಬಾಸಾದ ನರ್ಸ್ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದಳು. ಸುಲೋಚನಾ ಮೆಲ್ಲಗೆ ಬಿಡಿಸಿಕೊಂಡಳು.

"ನಂಗೆ ಗುಣ ಆಯ್ತು ಮಗಾ! ಇವತ್ತೇ ಬಿಡ್ತಾರೆ. ನನ್ನ ಜಾಗಕ್ಕೆ ನೀನು ಬಾ."

ರೇವತಿ ಅವಳ ಮುಖವನ್ನೇ ನೋಡಿದಳು. ನಂಬದೆ ಅವಳಿಗೂ ಬೇರೆ ದಾರಿಯಿರಲಿಲ್ಲ. ತಾಯಿ ದೋಣಿಗಿಳಿದ ಮೇಲೆ ಅಳುತ್ತಲೇ ಏಣಿ ಹತ್ತಿದಳು.

ದೋಣಿ ದಡದತ್ತ ತಿರುಗಿದಾಗ ಮೇಲಿನಿಂದ ಕೂಗು ಕೇಳಿತು. "ಮುಂದಿನ ಸಲ ಹಡಗು ಬಂದಾಗ ನೋಡೋಕೆ ಬರ್ತೀಯಲ್ಲಾ, ಆಯೀ?"

"ಬರದೆ ಇರ್ತೇನಾ? ನಿಂಗೆ ಬಂಗಡೆ ಸಾರು ಮಾಡಿ ತರ್ತೇನೆ," ಎಂದಳು ಸುಲೋಚನಾ.