ನಲವತ್ತೊಂದು ಪ್ಯಾಕೇಜುಗಳ ಯಜಮಾನ

ಬೆಳಿಗ್ಗೆ ಒಂಬತ್ತಕ್ಕೆ ನಲವತ್ತೊಂದು ಪ್ಯಾಕೇಜುಗಳೂ ಒಟ್ಟಿಗೆ ಕೈಚೆಲ್ಲಿ ಕೂತವು. ಒಂದಲ್ಲ, ಎರಡಲ್ಲ, ಅಷ್ಟೂ.

ಆಸ್ಪತ್ರೆಯ ಡೇಟಾಬೇಸ್ ಸರ್ವರನ್ನು ನೋಡಿಕೊಳ್ಳುವವಳು ಅವಳು. ಅಲ್ಲಿ ಪ್ಯಾಕೇಜು ಎಂದರೆ ಕಣ್ಣಿಗೆ ಕಾಣದ ಆಳು. ಕಾಲು ಗಂಟೆಗೊಮ್ಮೆ ಒಂದು ಪ್ಯಾಕೇಜು ಲ್ಯಾಬಿಗೆ ಓಡಿ ರಕ್ತಪರೀಕ್ಷೆಯ ವರದಿ ಹೊತ್ತು ತರುತ್ತದೆ; ಇನ್ನೊಂದು ಔಷಧಗಳ ದಾಸ್ತಾನು, ಮತ್ತೊಂದು ಖಾಲಿ ಹಾಸಿಗೆಗಳ ಪಟ್ಟಿ. ಎಲ್ಲ ಒಂದೆಡೆ ಬಂದು ಸೇರಿದರೆ ವೈದ್ಯರಿಗೆ ಒಂದೇ ಪರದೆಯಲ್ಲಿ ರೋಗಿಯ ಪೂರ್ತಿ ಚಿತ್ರ. ಇವತ್ತು ಪರದೆಗಳೆಲ್ಲ ಬೆಪ್ಪಾಗಿ ನಿಂತಿದ್ದವು. ನರ್ಸುಗಳು ಕಾಗದ ಹಿಡಿದು ಮೆಟ್ಟಿಲು ಹತ್ತಿಳಿಯುತ್ತಿದ್ದರು. ಶಸ್ತ್ರಚಿಕಿತ್ಸೆಯ ವೈದ್ಯರು ಫೋನಿನಲ್ಲಿ ಗುಡುಗುತ್ತಿದ್ದರು.

ಸರ್ವರು ಹೇಳಿದ್ದು ಒಂದೇ ಮಾತು: ಯಜಮಾನನ ಖಾತೆ ಸಿಗುತ್ತಿಲ್ಲ.

ಆ ಯಜಮಾನ ಯಾರೆಂದು ಕೇಳಬೇಕಾಗಿರಲಿಲ್ಲ. ಕಚೇರಿಗೆಲ್ಲ ಅವರು ದೊಡ್ಡಪ್ಪ. ನಲವತ್ತೊಂದನ್ನೂ ಒಂದೊಂದಾಗಿ ಕಟ್ಟಿ, ತಮ್ಮ ಹೆಸರಿನಲ್ಲೇ ಓಡಿಸಿ, ಎರಡು ತಿಂಗಳ ಹಿಂದೆ ನಿವೃತ್ತರಾದವರು. ಖಾತೆ ಮುಚ್ಚಿ ಎಂದು ಕಚೇರಿ ಎರಡು ಸಲ ಪತ್ರ ಬರೆದರೂ ಇವತ್ತು ನಾಳೆ ಎಂದು ತಳ್ಳಿದ್ದರು. ದಿನಾ ಮನೆಯಿಂದಲೇ ಸರ್ವರಿನೊಳಗೆ ಇಣುಕಿ, “ಏಳನೇದು ಯಾಕೋ ನಿಧಾನ ಕಣಮ್ಮ” ಎಂದು ಫೋನು ಮಾಡುತ್ತಿದ್ದರು.

ಅವಳು ದಾಖಲೆ ತೆಗೆದು ನೋಡಿದಳು. ಖಾತೆ ಮುಚ್ಚಿದ್ದು ಬೆಳಿಗ್ಗೆ ಎಂಟು ಐವತ್ತಕ್ಕೆ. ದೊಡ್ಡಪ್ಪನ ಮನೆಯಿಂದಲೇ.

ಕಚೇರಿಯ ಮುಖ್ಯಸ್ಥರ ಮುಖ ಕೆಂಪಾಯಿತು. “ಇನ್ನೊಂದು ವರ್ಷ ಇರ್ತೀನಿ ಅಂದಾಗ ನಾವು ಬೇಡ ಅಂದ್ವಲ್ಲ, ಅದಕ್ಕೆ ಸೇಡು ಇದು. ಖಾತೆ ಹೋದ್ರೆ ಏನಾಗುತ್ತೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಂಜೆಯೊಳಗೆ ದೂರು ಬರೆದುಕೊಡಿ.”

ದೂರು ಬರೆಯಲು ಅವಳಿಗೆ ಮನಸ್ಸಾಗಲಿಲ್ಲ. ಈ ಕೆಲಸದ ಅ ಆ ಇ ಈ ಕಲಿಸಿದವರು ದೊಡ್ಡಪ್ಪ. ಪ್ಯಾಕೇಜುಗಳನ್ನು ಬೇರೆ ಖಾತೆಗೆ ಹಾಕೋಣವೆಂದರೆ ಅವುಗಳೊಳಗಿನ ಪಾಸ್‌ವರ್ಡುಗಳಿಗೆ ಬೀಗ ಬಿದ್ದಿದ್ದು ಅದೇ ಮುಚ್ಚಿದ ಖಾತೆಯಿಂದ; ಬೇರೆ ಯಾರಿಗೂ ಅವು ತೆರೆಯವು. ಫೋನು ಮಾಡಿದರೆ ಸ್ವಿಚ್ ಆಫ್. ಸ್ಕೂಟರ್ ಹತ್ತಿದಳು.

ಬಾಗಿಲು ತೆಗೆದದ್ದು ದೊಡ್ಡಮ್ಮ. ನಡುಮನೆಯಲ್ಲಿ ಎರಡು ಸೂಟ್‌ಕೇಸು ತುಂಬಿ ನಿಂತಿದ್ದವು.

“ಸಂಜೆ ರೈಲು. ಸರ್ವರಿನ ನೆಪ ಹೇಳಿ ಇವರು ಎರಡು ಸಲ ತಪ್ಪಿಸಿದ್ರು, ಇದು ಮೂರನೇ ಸಲ,” ಎಂದು ದೊಡ್ಡಮ್ಮ ನಕ್ಕು ಒಳಗೆ ಕರೆದರು.

ದೊಡ್ಡಪ್ಪ ಕಂಪ್ಯೂಟರಿನ ಮುಂದೆ ಮುಖ ಬಾಡಿಸಿಕೊಂಡು ಕೂತಿದ್ದರು. “ಬಾಮ್ಮ. ಅಂತೂ ನನ್ನನ್ನ ಹೊರಗೆ ಹಾಕಿ ಬಾಗಿಲು ಮುಚ್ಚಿಬಿಟ್ರಲ್ಲ! ಒಂದು ಮಾತು ಹೇಳಬಾರದಿತ್ತಾ?”

“ಮುಚ್ಚಿದ್ದು ನಾವಲ್ಲ, ದೊಡ್ಡಪ್ಪ. ಎಂಟು ಐವತ್ತಕ್ಕೆ ಇದೇ ಕಂಪ್ಯೂಟರಿನಿಂದ ಮುಚ್ಚಿರೋದು.”

“ಆಗ ನಾನು ಇದನ್ನ ಹೀಗೇ ತೆರೆದಿಟ್ಟು ವಾಕಿಂಗ್ ಹೋಗಿದ್ದೆ.”

“ಮನೇಲಿ ಬೇರೆ ಯಾರಾದ್ರೂ?”

“ಇವಳೊಬ್ಬಳೇ. ಇವಳಿಗೆ ಟಿವಿ ರಿಮೋಟೇ ಸರಿಯಾಗಿ ಬರಲ್ಲ.” ಅವರ ದನಿ ಇಳಿಯಿತು. “ನನ್ನ ಮೇಲೇ ಅನುಮಾನನಾ? ನನ್ನ ಕೈಯನ್ನ ನಾನೇ ಕಡ್ಕೊಳ್ತೀನಾ?”

ಆ ಕಣ್ಣುಗಳಲ್ಲಿ ಸುಳ್ಳಿರಲಿಲ್ಲ. ದಾಖಲೆಯಲ್ಲೂ ಸುಳ್ಳಿರಲಿಲ್ಲ. ಅವಳಿಗೆ ತಲೆ ಕೆಟ್ಟುಹೋಯಿತು.

“ಯಾರು ಮಾಡಿದ್ರು ಅಂತ ಆಮೇಲೆ ನೋಡೋಣ. ವಾರ್ಡಿನಲ್ಲಿ ವರದಿಗೆ ಕಾಯ್ತಿದ್ದಾರೆ,” ಎಂದಳು.

ಅಷ್ಟು ಕೇಳಿದ್ದೇ ದೊಡ್ಡಪ್ಪ ಎದ್ದು ಬೀರುವಿನಿಂದ ಹಳೇ ನೋಟುಬುಕ್ಕು ತಂದರು. ಅಷ್ಟೂ ಪಾಸ್‌ವರ್ಡುಗಳು ಅದರಲ್ಲಿದ್ದವು, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ. ಇಬ್ಬರೂ ಪಕ್ಕಪಕ್ಕ ಕೂತರು. ಅವರು ಓದಿದರು, ಅವಳು ತನ್ನ ಲ್ಯಾಪ್‌ಟಾಪಿನಲ್ಲಿ ಒತ್ತಿದಳು. ಯಾರ ಹೆಸರೂ ಇಲ್ಲದ, ಕಚೇರಿಗೇ ಸೇರಿದ ಹೊಸ ಖಾತೆಯೊಂದು ಹುಟ್ಟಿತು. ಒಂದೊಂದೇ ಪ್ಯಾಕೇಜು ಅದರ ಕೆಳಗೆ ಬಂದು, ಮೈಕೊಡವಿ ಎದ್ದು ಓಡತೊಡಗಿತು.

ದೊಡ್ಡಮ್ಮ ಎರಡು ಲೋಟ ಹಣ್ಣಿನ ರಸ ತಂದಿಟ್ಟರು. “ವಾರ್ಡಿನಲ್ಲಿ ಯಾರಿಗೂ ಏನೂ ಆಗಿಲ್ಲ ತಾನೇ?” ದನಿ ಸ್ವಲ್ಪ ನಡುಗಿತು.

“ಏನಿಲ್ಲ ದೊಡ್ಡಮ್ಮ, ನರ್ಸುಗಳ ಕಾಲು ಸ್ವಲ್ಪ ಸವೆದಿದೆ ಅಷ್ಟೆ.”

“ಸದ್ಯ! ಇನ್ಮೇಲೆ ಇವರಿಲ್ಲದೆಯೂ ನಡೆಯುತ್ತಾ?”

“ನಡೆಯುತ್ತೆ.”

“ರೈಲಿನಲ್ಲಿರೋವಾಗ ಕಚೇರಿಯಿಂದ ಫೋನು ಬರಲ್ಲ ತಾನೇ?”

“ಬರಲ್ಲ.”

ದೊಡ್ಡಪ್ಪ ನೋಟುಬುಕ್ಕು ಮಡಚಿ ಅವಳ ಕೈಗಿಟ್ಟರು. “ಹಾಗಾದ್ರೆ ಈಗ ನನ್ನ ಹೆಸರು ಎಲ್ಲೂ ಇಲ್ಲ.” ಆಮೇಲೆ ತಾವೇ ನಕ್ಕರು. “ಹಗುರ ಆಯ್ತು ಕಣಮ್ಮ. ನಿವೃತ್ತಿ ಆಗಿದ್ದು ಇವತ್ತೇ ಅನ್ನಿಸ್ತಿದೆ.” ಎದ್ದವರೇ ರೈಲಿನಲ್ಲಿ ಯಾವ ಶರ್ಟು ಹಾಕಿಕೊಳ್ಳಲಿ ಎನ್ನುತ್ತಾ ಒಳಗೆ ನಡೆದರು.

ಹನ್ನೆರಡರ ಹೊತ್ತಿಗೆ ಶಸ್ತ್ರಚಿಕಿತ್ಸೆಯ ವೈದ್ಯರೇ ಫೋನು ಮಾಡಿ, ಎಲ್ಲ ಸರಿಹೋಯಿತೆಂದರು. ಅವಳು ಹೊರಟಳು. ದೂರು ಮಾತ್ರ ಬರೆಯಲಾರೆ ಎಂದು ಗಟ್ಟಿಮಾಡಿಕೊಂಡಳು. ಕಳ್ಳ ಯಾರೋ ದೊಡ್ಡಪ್ಪನ ಹೆಸರಿನಲ್ಲಿ ನುಗ್ಗಿರಬೇಕು, ಹುಡುಕಿಯೇ ತೀರುತ್ತೇನೆ ಎಂದುಕೊಂಡಳು.

ಗೇಟಿನ ತನಕ ಬಂದ ದೊಡ್ಡಮ್ಮನಿಗೂ ಅದನ್ನೇ ಹೇಳಿದಳು. ದೊಡ್ಡಮ್ಮ ಒಮ್ಮೆ ಮನೆಯತ್ತ ತಿರುಗಿ ನೋಡಿ, ಅವಳ ಕೈ ಹಿಡಿದುಕೊಂಡು, ದನಿ ತಗ್ಗಿಸಿದರು.

“ಹುಡುಕೋಕೆ ಹೋಗಬೇಡ ಮಗಳೇ. ‘ಖಾತೆ ಮುಚ್ಚುವುದು ಖಚಿತವೇ?’ ಅಂತ ಆ ಕಂಪ್ಯೂಟರು ಮೂರು ಸಲ ಕೇಳ್ತು. ಇವರ ಕೆಲಸದ ವಿಷಯದಲ್ಲಿ ಮೂವತ್ತೈದು ವರ್ಷದಲ್ಲಿ ನನ್ನನ್ನ ಒಂದು ಮಾತು ಕೇಳಿದ್ದು ಅದೊಂದೇ, ಮೂರು ಸಲಾನೂ ಹೌದು ಅಂದುಬಿಟ್ಟೆ.”