ಚುಕ್ಕಿಯ ಹಿಂದಿನ ಹನ್ನೊಂದು ಸಾಲು

ಆ ಬೆಳಗ್ಗೆ ಮಂಜು ವಾಚನಾಲಯದ ಕಿಟಕಿಗಳಿಗೆ ಒದ್ದೆ ಬಟ್ಟೆಯಂತೆ ಅಂಟಿಕೊಂಡಿತ್ತು. ಬೀಗ ತೆಗೆದದ್ದು ಗ್ರಂಥಪಾಲಕರು. ಇಪ್ಪತ್ತು ವರ್ಷ ಆ ಬೀಗ ತೆಗೆದಿದ್ದ ಗುಡಿಸುವಾಕೆ ಪೊರಕೆ ಹಿಡಿದು ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಹನ್ನೊಂದು ಪುಸ್ತಕಗಳು ಕಪಾಟಿನಲ್ಲೂ ಇಲ್ಲ, ಯಾರ ಹೆಸರಿನಲ್ಲೂ ಇಲ್ಲ ಎಂದು ಹೋದ ವಾರ ಅವರೇ ಅವಳಿಂದ ಬೀಗದ ಕೈ ಇಸಿದುಕೊಂಡಿದ್ದರು. ಅವಳನ್ನು ಕೆಲಸದಲ್ಲಿ ಇಟ್ಟುಕೊಳ್ಳಬೇಕೋ ಬೇಡವೋ ಎಂದು ನಾಳೆ ಸಮಿತಿ ಸೇರುವುದಿತ್ತು.

"ಹಾಗೇ ಒಳಗೆ ಬರಲಾ ಅಣ್ಣ, ಇಲ್ಲ ಚೀಲ ಕೊಡವಿ ತೋರಿಸಿ ಬರಲಾ?"

ಅವರು ಬಾಗಿಲು ತಳ್ಳಿ ಒಳಗೆ ನಡೆದರು.

ಕಂಪ್ಯೂಟರಿನ ಮುಂದೆ ಅವರ ಸೊಸೆ ಕೂತಳು. ಎರವಲು ಹೋಗಿ ಹಿಂದಿರುಗದ ಪುಸ್ತಕಗಳೆಲ್ಲ ಒಂದೇ ಉದ್ದನೆಯ ಫೈಲಿನಲ್ಲಿದ್ದವು. ಸಾಲಿಗೊಂದು ಪುಸ್ತಕ, ಸಾಲಿನ ಮೊದಲಿಗೆ ಒಯ್ದವರ ಹೆಸರು. ಒಬ್ಬೊಬ್ಬರಿಗೂ ಅವರವರ ಪಟ್ಟಿ ಕಳಿಸಬೇಕಿತ್ತು. ಅವಳು ಕಪ್ಪು ಪರದೆಯಲ್ಲಿ ಒಂದೇ ಸಾಲಿನ ಆಜ್ಞೆ ಬರೆದಳು: ಹೆಸರು ನೋಡು, ಆ ಹೆಸರಿನದೇ ಫೈಲು ಮಾಡು, ಸಾಲನ್ನು ಅದರೊಳಗೆ ಹಾಕು. ಮೊರದಲ್ಲಿ ಕೇರಿದ ಕಾಳಿನಂತೆ ಎಲ್ಲ ಬೇರೆಬೇರೆಯಾದವು.

"ಆಯ್ತೇನಮ್ಮ?"

"ಆಯ್ತು ಮಾವ. ಆದ್ರೆ ಒಡೆಯೋಕೆ ಮುಂಚೆ ನಾನೂರ ಹನ್ನೆರಡು ಸಾಲಿತ್ತು. ಈಗ ಎಲ್ಲಾ ಕೂಡಿಸಿದ್ರೆ ನಾನೂರ ಒಂದೇ."

"ಹನ್ನೊಂದು ಕಮ್ಮಿನಾ?" ಗುಡಿಸುವಾಕೆ ಬಾಗಿಲಿನಿಂದಲೇ ಕೇಳಿದಳು. "ಹಾಗಾದ್ರೆ ಕಂಪ್ಯೂಟರ್ ಕೈಯಿಂದಲೂ ಬೀಗದ ಕೈ ಕಿತ್ಕೊಳ್ಳಿ ಅಣ್ಣ."

ಸೊಸೆ ನಕ್ಕಳು. ನಗುತ್ತಲೇ ಏನೋ ಹೊಳೆದು ಪರದೆಯ ಕಡೆ ಬಾಗಿದಳು. "ಹೆಸರಿನ ಜಾಗ ಖಾಲಿ ಇದ್ರೆ ಫೈಲಿನ ಹೆಸರಲ್ಲಿ ಕೊನೆಗೆ ಬರೋ '.txt' ಅನ್ನೋ ಬಾಲ ಮಾತ್ರ ಉಳಿಯುತ್ತೆ, ಅದು ಚುಕ್ಕಿಯಿಂದ ಶುರುವಾಗುತ್ತೆ. ಅಂಥ ಫೈಲನ್ನ ಕಂಪ್ಯೂಟರ್ ತಾನಾಗಿ ತೋರಿಸಲ್ಲ, ಲೆಕ್ಕಕ್ಕೂ ಹಿಡಿಯಲ್ಲ." ಮರೆಯಲ್ಲಿರುವುದನ್ನೂ ತೋರಿಸು ಎಂದು ಆಜ್ಞೆ ಕೊಟ್ಟಳು. ಆ ಹೆಸರಿಲ್ಲದ ಫೈಲು ಪಟ್ಟಿಯ ನೆತ್ತಿಯಲ್ಲೇ ಕೂತಿತ್ತು. ಒಳಗೆ ಹನ್ನೊಂದು ಸಾಲು. "ಯಾರೋ ಹೆಸರು ಹಾಕದೆ ಬರೆದಿದ್ದಾರೆ, ಮಾವ."

ಅವರು ಕನ್ನಡಕ ಒರೆಸಿಕೊಂಡು ಓದಿದರು. ಮೂರನೆಯ ಸಾಲಿಗೆ ತುಟಿ ನಿಂತಿತು. ಕಣ್ಣು ಕಾಣದಾಗಿದ್ದ ಅಕ್ಕನಿಗೆ ಸಂಜೆ ಓದಿ ಹೇಳಲೆಂದು ಒಂದೊಂದಾಗಿ ತಾವೇ ಒಯ್ದವು ಅವು. ನಾಳೆ ತಂದಿಡುತ್ತೇನಲ್ಲ, ನನ್ನ ಹೆಸರನ್ನು ನಾನೇ ಏನು ಬರೆಯುವುದು ಎಂದು ಬಿಟ್ಟ ಜಾಗ. ಅಕ್ಕ ತೀರಿಕೊಂಡು ಎರಡು ವರ್ಷ. ಅವಳ ಮಂಚದ ಕೆಳಗಿನ ಪೆಟ್ಟಿಗೆಯನ್ನು ಯಾರೂ ತೆರೆದಿರಲಿಲ್ಲ. ಖಾಲಿ ಬಿಟ್ಟ ಜಾಗವನ್ನೂ ಓದುವವನೊಬ್ಬ ಮೇಲಿದ್ದಾನೆ ಎಂದು ಅವಳೇ ಹೇಳುತ್ತಿದ್ದಳು.

ಮನೆಗೆ ಹೋಗಿ ಬರುವಷ್ಟರಲ್ಲಿ ಮಂಜು ಹರಿದಿತ್ತು. ಹನ್ನೊಂದೂ ಪುಸ್ತಕಗಳನ್ನು ಮೇಜಿನ ಮೇಲಿಟ್ಟು, ಸೊಸೆಯನ್ನು ಕುರ್ಚಿಯಿಂದ ಎಬ್ಬಿಸಿ ತಾವೇ ಕೂತು, ಖಾಲಿ ಜಾಗಗಳಲ್ಲಿ ತಮ್ಮ ಹೆಸರನ್ನು ಹನ್ನೊಂದು ಸಲ ಒತ್ತಿದರು. ಒಂದೇ ಬೆರಳಿನಲ್ಲಿ, ನಿಧಾನವಾಗಿ. ಗುಡಿಸುವಾಕೆ ಪೊರಕೆ ನಿಲ್ಲಿಸಿ ನೋಡುತ್ತಿದ್ದಳು.

ಆಮೇಲೆ ಎದ್ದು ಬಂದು ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟರು.

"ನಾಳೆ ಸಮಿತಿಯವರ ಜೊತೆ ನಾನೂ ಮೆಟ್ಟಿಲ ಮೇಲೆ ಕಾಯ್ತೀನಿ. ಬಾಗಿಲು ನೀನೇ ತೆಗಿ, ತಾಯಿ."